ಏಳು ತುಂಬಿದವರ ಹಲ್ಲು

ತಾಯಮ್ಮನಿಗೆ ಒಬ್ಬನೇ ಮಗ, ಕೆಂಚಣ್ಣ. ಒಬ್ಬನೇ ಸಾಕಪ್ಪಾ ದೇವರೇ ಅನ್ನಿಸುವಂಥ ಮಗ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಅದೇ ತೊಂದರೆ.

ಅವನ ಹೆಂಡತಿ ಎರಡನೇ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಮಗಳು ಸುಗುಣಿಗೆ ಏಳು ತುಂಬಿತ್ತು. ಮೇಲೆ ಹುಟ್ಟಿದ ಹೊಸ ಹಲ್ಲು ಕೆಳಗಿನ ಹಲ್ಲಿನ ಹಿಂದಕ್ಕೆ ಕೂರುತ್ತಿತ್ತು. ನಗು ಬಂದರೆ ಹುಡುಗಿ ಕೈ ಅಡ್ಡ ಹಿಡಿಯುತ್ತಿದ್ದಳು.

"ಹಾಲುಹಲ್ಲೆಲ್ಲ ಬೀಳಲಿ ಬಿಡಿ" ಅಂದರು ಬೀದಿಯವರು.

"ಅಷ್ಟರಲ್ಲಿ ದವಡೆ ಸೊಟ್ಟಗೆ ಬೆಳೆದರೆ ನೀವು ಬಂದು ನೇರ ಮಾಡ್ತೀರಾ?" ಅಂದಳು ತಾಯಮ್ಮ.

ಸೊಟ್ಟಹಲ್ಲು ಸರಿಮಾಡುವ ಡಾಕ್ಟರಮ್ಮ ಪೇಟೆಗೆ ಬರುತ್ತಿದ್ದುದು ಬುಧವಾರ ಮಾತ್ರ.

"ಕೆಂಚ, ಹೋಗಿ ಮಗಳ ಹಲ್ಲು ತೋರಿಸಿಕೊಂಡು ಬಾರೋ!"

ಅವತ್ತು ಬೆಳಿಗ್ಗೆಯೇ ಸುಗುಣಿಯ ಒಂದು ಹಾಲುಹಲ್ಲು ಬಿದ್ದಿತ್ತು. ಕೆಂಚಣ್ಣ ಅದನ್ನು ಕಾಗದದಲ್ಲಿ ಸುತ್ತಿಕೊಂಡು ಹೋದ. ತೋರಿಸಿದ. ಬಂದ.

"ಏನಂದ್ರೋ?"

"ಚೆನ್ನಾಗಿದೆ, ಮಿಕ್ಕಿದ್ದೆಲ್ಲಿ ಅಂದ್ರು ಕಣವ್ವ."

"ಅಯ್ಯೋ ನನ್ನ ಕರ್ಮವೇ! ಬಿದ್ದ ಹಲ್ಲು ಹೆಂಚಿನ ಮೇಲೆ ಎಸೆಯೋದು ಕಣೋ! ಡಾಕ್ಟರಿಗೆ ತೋರಿಸೋದು ಬಾಯಲ್ಲಿರೋದನ್ನ! ಮುಂದಿನ ವಾರ ಮಗೂನ ಕರ್ಕೊಂಡು ಹೋಗು. ಬೆಂಚಿನ ಮೇಲೆ ತೆಪ್ಪಗೆ ಕೂತಿರು. ತುಟಿ ಬಿಚ್ಚಿದೆಯೋ, ನೋಡು!"

ಮುಂದಿನ ಬುಧವಾರ ಹೋದ. ತೆಪ್ಪಗೆ ಕೂತ.

"ಮಗು ಹೆಸರೇನ್ರೀ?" ಅಂದಳು ಚೀಟಿ ಬರೆಯುವವಳು.

ತುಟಿ ಬಿಚ್ಚಲಿಲ್ಲ.

"ವಯಸ್ಸೆಷ್ಟ್ರೀ?"

ಬಿಚ್ಚಲಿಲ್ಲ. ಸುಗುಣಿ ಹೇಳಹೋದರೆ ಅವಳ ಬಾಯನ್ನೂ ಮುಚ್ಚಿದ. ಕತ್ತಲಾಗುವ ಮೊದಲೇ ಡಾಕ್ಟರಮ್ಮ ಬಾಗಿಲು ಹಾಕಿಕೊಂಡು ಹೊರಟುಹೋದರು.

"ಎರಡು ಬುಧವಾರ ಹಾಳು ಮಾಡಿದೆಯಲ್ಲೋ ಮುಠ್ಠಾಳ! ಡಾಕ್ಟರಮ್ಮ ಮಾತಾಡಿಸಿದ ಕೂಡಲೇ ಬಾಯಿ ಬಿಡೋ! ಚೆನ್ನಾಗಿ ಬಿಡೋ!"

ಮೂರನೇ ಬುಧವಾರ. "ಬನ್ನಿ" ಅಂದರು ಡಾಕ್ಟರಮ್ಮ. ಅಂದದ್ದೇ ತಡ, ಕೆಂಚಣ್ಣ ತಾನೇ ಕುರ್ಚಿ ಹತ್ತಿ ಮಲಗಿ, ಗುಹೆಯ ಹಾಗೆ ಬಾಯಿ ಬಿಟ್ಟ. ಇಳಿಯಿರಿ ಅಂದರೂ ಬಿಟ್ಟ. ಮುಚ್ಚಿರಿ ಅಂದರೂ ಬಿಟ್ಟ. ಸುಗುಣಿಗೆ ತಡೆಯಲಾಗದ ನಗು! ಕೈ ಅಡ್ಡ ಹಿಡಿಯುವುದೇ ಮರೆತುಹೋಯಿತು. ಡಾಕ್ಟರಮ್ಮ ನಿಂತಲ್ಲೇ ಅವಳ ಹಲ್ಲು ನೋಡಿಕೊಂಡರು.

"ಸರಿಯಾದ ಹೊತ್ತಿಗೆ ಬಂದಿರಿ. ಈಗಾದರೆ ಸಣ್ಣ ಕ್ಲಿಪ್ಪಿನಲ್ಲಿ ಮುಗಿಯುತ್ತೆ. ಹಾಲುಹಲ್ಲೆಲ್ಲ ಬೀಳಲಿ ಅಂತ ಕಾಯಬಾರದು. ಏಳು ತುಂಬೋ ಹೊತ್ತಿಗೆ ಒಂದು ಸಲ ತೋರಿಸಿಬಿಡಬೇಕು."

ಮನೆಗೆ ಬಂದು ಸುಗುಣಿ ಇದನ್ನು ಹೇಳಿದಾಗ ತಾಯಮ್ಮ ಹಿಗ್ಗಿಹೋದಳು. "ಕೇಳಿದೆಯೇನೋ? ಮುಂದಿನ ವಾರ ಕ್ಲಿಪ್ಪಿಗೆ ಹೋಗ್ತೀಯಲ್ಲ, ಬೀದಿಯಲ್ಲಿ ಏಳು ತುಂಬಿದ್ದು ಒಂದನ್ನೂ ಬಿಡಬೇಡ, ಎಲ್ಲಾ ಕರ್ಕೊಂಡು ಹೋಗು!"

ಹೋದ. ಮುಂದೆ ಸುಗುಣಿ, ಅವಳ ಹಿಂದೆ ಪಕ್ಕದ ಮನೆಯ ಅವಳಿಗಳು, ಅವರ ಹಿಂದೆ ಹಗ್ಗ ಹಿಡಿದ ಕೆಂಚಣ್ಣ, ಹಗ್ಗದ ಆ ತುದಿಗೆ ಮನೆಯ ಎಮ್ಮೆ!

"ಇದ್ಯಾಕ್ರೀ?" ಡಾಕ್ಟರಮ್ಮ ಕಿರುಚಿದರು.

"ಇದಕ್ಕೂ ಏಳು ತುಂಬಿತು ಡಾಕ್ಟರಮ್ಮ!"

ಎಮ್ಮೆಗೆ ಮೇಲುಗಡೆ ಮುಂದಿನ ಹಲ್ಲು ಹುಟ್ಟುವುದೇ ಇಲ್ಲ ಅಂತ ಊರಿಗೆಲ್ಲ ಗೊತ್ತು, ದಿನಾ ಹಾಲು ಕರೆಯುವ ಕೆಂಚಣ್ಣನಿಗೆ ಮಾತ್ರ ಗೊತ್ತಿಲ್ಲ. ಎಮ್ಮೆಯ ತುಟಿ ಎತ್ತಿ ಹಿಡಿದು ಗೋಳೋ ಅಂದ:

"ಮೇಲೆ ಒಂದೂ ಬಂದಿಲ್ಲ! ತಡ ಮಾಡಿಬಿಟ್ವಾ ಡಾಕ್ಟರಮ್ಮಾ?"