ಕೈ ತೊಳೆದ ಮೇಲೆ

ಬೆಟ್ಟದ ಮೇಲಿನ ಆ ಯೆಹೂದಿ ಓದುಮನೆಯಲ್ಲಿ ಯಾರೂ ಒಬ್ಬರೇ ಕೂತು ಓದುವಂತಿರಲಿಲ್ಲ. ಇಬ್ಬಿಬ್ಬರ ಜೋಡಿ. ಒಬ್ಬ ಓದಬೇಕು, ಇನ್ನೊಬ್ಬ ಪ್ರಶ್ನೆ ಕೇಳಿ ಕೇಳಿ ತಲೆ ತಿನ್ನಬೇಕು. ಯೋಯೇಲನ ಜೋಡಿ ಆಸಾಫ.

ವರ್ಷಗಟ್ಟಲೆ ಎದುರುಬದುರು ಕೂತು ಓದಿದವರು, ಓದುತ್ತ ಓದುತ್ತ ಒಬ್ಬರನ್ನೊಬ್ಬರು ಪ್ರೀತಿಸಿದರು. ಗಂಡು ಹೆಣ್ಣನ್ನು ಪ್ರೀತಿಸುತ್ತಾನಲ್ಲ, ಹಾಗೆಯೇ. ಇದರಲ್ಲಿ ಮುಚ್ಚಿಡುವುದೇನಿದೆ?

ಒಂದು ಶುಕ್ರವಾರ ಬೆಳಿಗ್ಗೆ ಬಾವಿಕಟ್ಟೆಯ ಹತ್ತಿರ ಅವರು ಮುತ್ತಿಟ್ಟುಕೊಂಡದ್ದು ಓದುಮನೆಯ ಮೇಲ್ವಿಚಾರಕ ಎಲ್ಕಾನನ ಕಣ್ಣಿಗೆ ಬಿತ್ತು. ಮಧ್ಯಾಹ್ನದೊಳಗೆ ಆಸಾಫನ ಹಾಸಿಗೆ ಬೀದಿಗೆ ಬಿತ್ತು. ಯೋಯೇಲನದು ಬೀಳಲಿಲ್ಲ. ಅವನಪ್ಪ ಊರಿನ ದೊಡ್ಡ ಕುಳ. ಆಸಾಫನಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಹೇಗಿದೆ ನೋಡಿ ನ್ಯಾಯ.

ಆಸಾಫ ಊರಬಾಗಿಲ ಪಕ್ಕದ ಛತ್ರಕ್ಕೆ ಹೋಗಿ ಕೂತ. ಮಾರನೆಯ ದಿನ ಸಂಜೆ, ವಾರದ ವಿಶ್ರಾಂತಿಯ ದಿನವಾದ ಸಬ್ಬತ್ ಕಳೆಯುತ್ತಲೇ ಹೊರಡುವ ಒಂಟೆಗಳ ಜೊತೆ ಬಂದರಿಗೆ ಹೋಗುತ್ತೇನೆ, ಮತ್ತೆ ಬರುವುದಿಲ್ಲ ಎಂದು ಹೇಳಿ ಕಳಿಸಿದ.

ಯೋಯೇಲ ಓದುಮನೆಯ ಗುರು ರಬ್ಬಿ ಹನೋಖರ ಕೋಣೆಗೆ ನುಗ್ಗಿದ. ತನ್ನ ಹಾಸಿಗೆ ಮಾತ್ರ ಇದ್ದಲ್ಲೇ ಇದೆಯಲ್ಲ, ಅದೇ ಅವನನ್ನು ಹೆಚ್ಚು ಸುಡುತ್ತಿತ್ತು.

"ಗುರುಗಳೇ, ನಮ್ಮ ರಹಸ್ಯದ ಹೊತ್ತಗೆಯಲ್ಲಿ ಮೊದಲ ಮನುಷ್ಯ ಗಂಡೂ ಹೌದು, ಹೆಣ್ಣೂ ಹೌದು. ಅಲ್ಲವೇ?"

"ಹೌದು."

"ಆ ಹೊತ್ತಗೆಯಲ್ಲಿ ಒಂದು ಗುಟ್ಟು ಬಿಚ್ಚಿಕೊಂಡಾಗ ಓದಿನ ಸಂಗಾತಿಗಳು ಅಳುತ್ತ ಒಬ್ಬರಿಗೊಬ್ಬರು ಮುತ್ತಿಡುತ್ತಾರೆ. ಅಲ್ಲವೇ?"

"ಇಡುತ್ತಾರೆ."

"ಪ್ರತಿ ಶುಕ್ರವಾರ ಸಂಜೆ ಇಷ್ಟು ಜನ ಗಡ್ಡದ ಗಂಡಸರು ಬಾಗಿಲ ಕಡೆ ತಿರುಗಿ, ಸಬ್ಬತ್ತನ್ನು ಮದುಮಗಳೇ ಬಾ ಎಂದು ಕರೆಯುತ್ತೇವೆ. ದೇವರ ಮುಂದೆ ನಾವೆಲ್ಲ ಹೆಣ್ಣೇ ಎಂದು ನೀವೇ ಹೇಳಿಕೊಟ್ಟಿರಿ. ಎಲ್ಕಾನರೂ ಹೌದೌದು ಎಂದು ತಲೆಯಾಡಿಸಿದರು. ಈಗ?"

"ಈಗ ಏನಂತಾರೆ ಅವರು?"

"ಅದೆಲ್ಲ ರೂಪಕ ಅಂತಾರೆ. ಹೊತ್ತಗೆಯಲ್ಲಿರುವ ಮುತ್ತು ಮುತ್ತಲ್ಲವಂತೆ, ಜ್ಞಾನವಂತೆ. ನಮ್ಮದು ಹೊಲಸಂತೆ."

ರಬ್ಬಿ ಕಿಟಕಿಯ ಕಡೆ ನೋಡಿದರು. ಬಿಸಿಲು ಗೋಡೆ ಇಳಿಯುತ್ತಿತ್ತು.

"ಆಸಾಫ ಊಟ ಮಾಡಿದನಾ?"

ಯೋಯೇಲನಿಗೆ ಮೈಯೆಲ್ಲ ಉರಿದುಹೋಯಿತು. "ನಾನು ಊಟದ ಮಾತು ಆಡುತ್ತಿಲ್ಲ. ಅವನನ್ನು ವಾಪಸ್ ಕರೆಸುತ್ತೀರೋ ಇಲ್ಲವೋ ಹೇಳಿ."

"ಹೋಗಿ ಎಲ್ಲರಿಗೂ ಕೈ ತೊಳೆಯಲು ನೀರಿಡು. ಮೇಜು ನಾನು ನೋಡಿಕೊಳ್ಳುತ್ತೇನೆ."

"ಮತ್ತೆ ಈ ಸಿಟ್ಟನ್ನು ಏನು ಮಾಡಲಿ?"

"ಇಟ್ಟುಕೊಂಡಿರು. ಬೇಕಾಗುತ್ತೆ."

ಸಂಜೆಯಾಯಿತು. ಎಲ್ಲರೂ ಬಾಗಿಲ ಕಡೆ ತಿರುಗಿ, ಬಾಗಿ, ಮದುಮಗಳೇ ಬಾ ಎಂದು ಕರೆದರು. ಬಾಗಿಲು ತೆರೆಯಿತು. ಬಂದದ್ದು ರಬ್ಬಿ ಹನೋಖರು. ಏದುಸಿರು ಬಿಡುತ್ತಿದ್ದರು, ಮೊಣಕಾಲ ತನಕ ಧೂಳು. ಯಾರೋ ಕಿಸಕ್ಕೆಂದರು.

ನನ್ನ ಬದುಕು ಬೀದಿಯಲ್ಲಿ ಬಿದ್ದಿದೆ, ಮುದುಕನಿಗೆ ತಿರುಗಾಟ ಬೇಕಿತ್ತು ಎಂದು ಯೋಯೇಲ ಹಲ್ಲು ಕಡಿದ.

ಮೇಜಿನ ಮೇಲೆ ಸಬ್ಬತ್ತಿನ ಜೋಡಿ ರೊಟ್ಟಿ ಇಡುವಲ್ಲಿ ಬಿಳಿ ಬಟ್ಟೆ ಹೊದಿಸಿತ್ತು. ಅಲ್ಲೊಂದು ಕಟ್ಟುನಿಟ್ಟಿದೆ. ಕೈ ತೊಳೆದ ಮೇಲೆ ರೊಟ್ಟಿಯ ತುತ್ತು ಬಾಯಿಗೆ ಬೀಳುವ ತನಕ ಯಾರೂ ತುಟಿ ಬಿಚ್ಚುವಂತಿಲ್ಲ. ಈ ನಿಯಮ ಮುರಿದ ಹುಡುಗರನ್ನು ಎಲ್ಕಾನ ಎಷ್ಟೋ ಸಲ ಉಪವಾಸ ಕೆಡವಿದ್ದ.

ಎಲ್ಕಾನ ಮೊದಲು ಕೈ ತೊಳೆದ. ಆಮೇಲೆ ಶಿಷ್ಯರೆಲ್ಲ ತೊಳೆದರು, ಯೋಯೇಲನೂ ತೊಳೆದ. ರಬ್ಬಿ ಒಬ್ಬರು ತೊಳೆಯಲಿಲ್ಲ. ಎಲ್ಲರೂ ಕೂತ ಮೇಲೆ ಬಟ್ಟೆ ಎತ್ತಿದರು.

ಕೆಳಗಿದ್ದದ್ದು ಮಗುಚಿಟ್ಟ ಎರಡು ಬಟ್ಟಲು.

"ತಿನ್ನಿ," ಅಂದರು ರಬ್ಬಿ. "ಇವತ್ತಿನದು ರೂಪಕದ ರೊಟ್ಟಿ. ರೊಟ್ಟಿ ಅಂದರೂ ಜ್ಞಾನ ಅಂತಲೇ ಹೊತ್ತಗೆ ಹೇಳುತ್ತೆ. ನಾಚಿಕೊಳ್ಳಬೇಡಿ, ಹೊಟ್ಟೆ ತುಂಬ ತಿನ್ನಿ."

ಯಾರೂ ಮಾತಾಡುವಂತಿಲ್ಲ. ಎಲ್ಕಾನನ ಮುಖ ಕೆಂಪಾಯಿತು. ಹ್ಞೂಂ ಹ್ಞೂಂ ಎನ್ನುತ್ತ ರೊಟ್ಟಿಯ ಪೆಟ್ಟಿಗೆಯ ಕಡೆ ಕೈ ಮಾಡಿದ. ರಬ್ಬಿ ಎದ್ದು ಹೋಗಿ ಅದರ ಮುಚ್ಚಳ ತೆಗೆದು ತೋರಿಸಿದರು. ತಳದಲ್ಲಿ ಒಂದಿಷ್ಟು ಪುಡಿ ಇತ್ತು, ಅಷ್ಟೇ.

ಆಗ ಯೋಯೇಲ ಗುರುಗಳ ಕಾಲಿನ ಧೂಳನ್ನು ಇನ್ನೊಮ್ಮೆ ನೋಡಿದ. ಕೆಂಪು ಧೂಳು. ಊರಬಾಗಿಲ ಹತ್ತಿರ ಬಿಟ್ಟರೆ ಬೆಟ್ಟದ ಮೇಲೆ ಇನ್ನೆಲ್ಲೂ ಆ ಮಣ್ಣಿಲ್ಲ. 

ಅವನು ಎದ್ದು ಬಾಗಿಲ ಕಡೆ ನಡೆದ. ಹಿಂದೆ ಇನ್ನೊಬ್ಬ ಶಿಷ್ಯ ಎದ್ದ. ಆಮೇಲೆ ಮತ್ತೊಬ್ಬ. ಕೂರಿ ಎಂಬಂತೆ ಎಲ್ಕಾನ ಮೇಜು ಬಡಿದ. ಯಾರೂ ಕೂರಲಿಲ್ಲ.

ಹೊಸ್ತಿಲಲ್ಲಿ ನಿಂತು ಯೋಯೇಲ ತಿರುಗಿ ನೋಡಿದ. ಮಧ್ಯಾಹ್ನ ಬೀದಿಯವರಿಗೆಲ್ಲ ಕೇಳುವ ಹಾಗೆ ಬೈದ ಎಲ್ಕಾನನ ಬಾಯಿ ಈಗ ಗಟ್ಟಿಯಾಗಿ ಮುಚ್ಚಿಕೊಂಡಿತ್ತು. ಯೋಯೇಲನಿಗೆ ಚೂರೂ ಕನಿಕರ ಬರಲಿಲ್ಲ. ಗುರುಗಳು ಬಟ್ಟೆಯನ್ನು ಎಳೆದೆಳೆದು ಮಡಿಸುತ್ತಿದ್ದರು. ಅವರಿಗೂ ಅಷ್ಟೇ ಸಿಟ್ಟು ಬಂದಿದೆ ಎಂದು ಅವನಿಗೆ ಆಗ ತಿಳಿಯಿತು.

ರಬ್ಬಿ ಬಟ್ಟೆಯನ್ನು ಎಲ್ಕಾನನ ಮುಂದೆ ಇಟ್ಟರು.

"ನಿಜವಾದ ರೊಟ್ಟಿ ಛತ್ರದಲ್ಲಿ ಆಸಾಫನ ಹತ್ತಿರ ಇದೆ, ಎಲ್ಕಾನರೇ. ಹೋಗಿ, ಅವನ ಕೈಯಿಂದಲೇ ಒಂದು ತುತ್ತು ಇಸ್ಕೊಂಡು ತಿನ್ನಿ, ನಿಮಗೆ ಬಾಯಿ ಬರುತ್ತೆ. ಆಮೇಲೆ ಅದೇ ಬಾಯಲ್ಲಿ, ಅವನು ಈ ಮನೆಗೆ ಬೇಡ ಅಂತ ಇನ್ನೊಂದು ಸಲ ಹೇಳಿ, ನೋಡೋಣ."