ಅರಗು ಒಡೆದ ದೀಪ

"ಕೇಳಿರಪ್ಪೋ ಕೇಳಿ! ಘಾಟಿಯ ಗಾಡಿಗಳಿಗೆ ಹೊಸ ದೀಪ ಕಂಡುಹಿಡಿದವರು ಅರಮನೆಗೆ ಬನ್ನಿ. ಮಹಾರಾಣಿಯವರು ಮೂರು ಒಗಟು ಕೇಳುತ್ತಾರೆ. ಬಿಡಿಸಿದವನಿಗೆ ರಾಜಮುದ್ರೆ. ಇಪ್ಪತ್ತು ವರ್ಷ ಅವನ ಅಪ್ಪಣೆಯಿಲ್ಲದೆ ಆ ದೀಪವನ್ನು ಬೇರೆಯವರು ಮಾಡುವ ಹಾಗಿಲ್ಲ. ತಪ್ಪು ಹೇಳಿದವನ ತಲೆ ಹೋಗುತ್ತದೆ!"

ಡಂಗುರ ಕೇಳಿ ಕಲಾಯಿ ಹಾಕುವ ಮಾಳಪ್ಪನ ಕೈಯಿಂದ ಪಾತ್ರೆ ಜಾರಿತು. ಜಾರದೆ ಏನು? ಗಾಡಿಯ ಚಕ್ರ ತಿರುಗಿದರೆ ಬೆಳಗುವ ದೀಪ, ಗಾಡಿ ಇಳಿದ ಮೇಲೆ ಕೈಯಲ್ಲಿ ಹಿಡಿದು ನಡೆಯುವ ದೀಪ, ಎರಡನ್ನೂ ಮಾಡಿದವನು ಅವನೇ. ಎಣ್ಣೆ ಬೇಡ, ಬತ್ತಿ ಬೇಡ. ನಾವೀಗ ಕರೆಂಟು ಅನ್ನುತ್ತೇವಲ್ಲ, ಅದರ ದೀಪ. ಗುಟ್ಟು ಯಾರಿಗೂ ಸಿಗಬಾರದೆಂದು ಅರಗು ಹಾಕಿ ಮುಚ್ಚಿ ಮಾರುತ್ತಿದ್ದ. ಈಗ ಸಾಹುಕಾರ ಭುಜಂಗರಾಯನೂ ಕೊತ್ವಾಲನ ಮಗ ಕೆಂಪರಾಜನೂ ಅವನಿಂದಲೇ ಕೊಂಡ ದೀಪಗಳನ್ನು ಹಿಡಿದು, "ನಾನೇ ಮಾಡಿದ್ದು" ಎಂದು ಅರಮನೆಗೆ ಹೊರಟಿದ್ದರು. ಅವರಲ್ಲೊಬ್ಬರಿಗೆ ಮುದ್ರೆ ಸಿಕ್ಕರೆ ಮಾಳಪ್ಪ ತನ್ನ ದೀಪವನ್ನು ತನ್ನ ಮನೆಯಲ್ಲೇ ಮಾಡುವಂತಿಲ್ಲ. ಹೊಟ್ಟೆ ಉರಿದುಹೋಯಿತು. ತಲೆ ಹೋದರೆ ಹೋಗಲಿ ಎಂದು ತನ್ನ ಎರಡು ದೀಪ ಹಿಡಿದು ಅವನೂ ಹೊರಟ.

ಓಲಗದಲ್ಲಿ ಮೊದಲು ಕೆಂಪರಾಜ ನಿಂತ.

"ಓಡುವಾಗ ಕಣ್ಣು ಬಿಡುತ್ತದೆ, ನಿಂತರೆ ಮುಚ್ಚುತ್ತದೆ. ಏನದು?" ಎಂದಳು ರಾಣಿ.

"ಕುದುರೆ, ತಾಯಿ."

"ನಿನ್ನ ಕುದುರೆ ನಿಂತರೆ ನಿದ್ದೆ ಹೋಗುತ್ತದೋ?" ರಾಣಿ ಕೈ ಆಡಿಸಿದಳು. ಭಟರು ಅವನಿಗೆ ಕೋಳ ಹಾಕಿದರು. ಕತ್ತಿಯವನು ಮೂಲೆಯಲ್ಲಿ ಕತ್ತಿ ಮಸೆಯುತ್ತಲೇ ಇದ್ದ.

ಭುಜಂಗರಾಯ ಬುದ್ಧಿವಂತ. "ಗಾಡಿಯ ದೀಪ" ಎಂದುಬಿಟ್ಟ.

"ಸರಿ. ಒಂದು ಮನೆಯಲ್ಲಿ ಅಣ್ಣ ತಮ್ಮ. ಹುಳಿನೀರಿನಲ್ಲಿ ವಾಸ. ಒಳಗೆ ಮೈ ತಾಗಿದರೆ ಮನೆ ಕತ್ತಲು, ಹೊರಗೆ ಕೈ ಹಿಡಿದರೆ ಬೆಳಕು. ಯಾರವರು?"

ಸಾಹುಕಾರ ಬೆವರಿದ. ಅವನು ಒಂದು ಕೈದೀಪ ಒಡೆದು ನೋಡಿದ್ದನಂತೆ, ಆದರೆ ನೀರು ಚೆಲ್ಲಿ ಏನೂ ತಿಳಿದಿರಲಿಲ್ಲ. "ಸೂರ್ಯಚಂದ್ರರು" ಎಂದ.

"ಅವರು ಹುಳಿನೀರಿನಲ್ಲಿ ಯಾವಾಗ ಕೂತಿದ್ದರು, ರಾಯರೇ?"

ಅವನಿಗೂ ಕೋಳ ಬಿತ್ತು.

ಮಾಳಪ್ಪನ ಸರದಿ. ಎರಡು ದೀಪವನ್ನೂ ಮುಂದಿಟ್ಟ. "ಮೊದಲನೆಯದು ಗಾಡಿಯ ದೀಪವೇ, ತಾಯಿ. ಚಕ್ರ ನಿಂತರೆ ಅದೂ ನಿಲ್ಲುತ್ತದೆ. ಎರಡನೆಯದು ಕೈದೀಪದೊಳಗಿನ ತಾಮ್ರ, ಸತು. ಒಳಗೆ ತಾಗಿದರೆ ಕೆಟ್ಟವು. ಹೊರಗೆ ತಂತಿಯಿಂದ ಕೂಡಿಸಿದರೆ ಬೆಳಕು."

ರಾಣಿ ಮುಂದಕ್ಕೆ ಬಾಗಿದಳು. "ಬಚ್ಚಿಟ್ಟರೆ ಯಜಮಾನನ ಕೈತಪ್ಪುತ್ತದೆ, ಹತ್ತು ಜನರೆದುರು ತೆರೆದಿಟ್ಟರೆ ಅವನಿಗೇ ಉಳಿಯುತ್ತದೆ. ಏನದು?"

ದಾನ ಎಂದು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡ. ಗುಂಪಿನಲ್ಲಿ ಭುಜಂಗರಾಯನ ಕಸುಬುದಾರರು ಕತ್ತು ಚಾಚಿ ಅವನ ದೀಪವನ್ನೇ ನೋಡುತ್ತಿದ್ದರು. ಬಚ್ಚಿಟ್ಟುಕೊಂಡು ಕೂತವನು ತಾನೇ ಅಲ್ಲವೇ? ಬಚ್ಚಿಟ್ಟದ್ದಕ್ಕೇ ಅಲ್ಲವೇ ಕಂಡವರೆಲ್ಲ ನನ್ನದು ನನ್ನದು ಎಂದದ್ದು? ಉತ್ತರ ಹೊಳೆಯಿತು. ಹೊಳೆದದ್ದೇ ಭಯವೂ ಆಯಿತು.

"ನನ್ನ ದೀಪದ ಗುಟ್ಟು, ತಾಯಿ."

"ಬಾಯಿಮಾತು ಸಾಲದು."

ಚಾಕುವಿನಿಂದ ಅರಗು ಒಡೆದ. ಚಕ್ರದ ಜೊತೆ ತಿರುಗುವ ಸೂಜಿಗಲ್ಲು, ಅದರ ಸುತ್ತ ತಂತಿಯ ಸುರುಳಿ, ಕೈದೀಪದ ತಗಡುಗಳು, ಹುಳಿನೀರು, ಒಂದೊಂದನ್ನೂ ಎತ್ತಿ ತೋರಿಸಿ ಯಾವುದು ಯಾಕೆ ಎಂದು ಹೇಳಿದ. ಹೇಳುತ್ತಾ ಹೇಳುತ್ತಾ ಅಳು ಬಂತು. ಎಷ್ಟು ವರ್ಷದ ಕೆಲಸ, ಸಂತೆಯಲ್ಲಿ ಸುರಿದಂತೆ ಸುರಿದುಬಿಟ್ಟಿದ್ದ.

"ನಿನ್ನ ದೀಪ ತರಿಸಿ ಅದರ ಅರಗನ್ನು ನಾನು ಆಗಲೇ ಒಂದು ಸೂಜಿಯಿಂದ ಬಿಡಿಸಿದ್ದೆ, ಮಾಳಪ್ಪ" ಎಂದಳು ರಾಣಿ. "ಅರಗು ಕಾಯುವುದಿಲ್ಲ. ಇದು ಇವನದು ಎಂದು ಇಷ್ಟು ಜನ ಕಣ್ಣಾರೆ ಕಂಡರಲ್ಲ, ಅದು ಕಾಯುತ್ತದೆ." ತಾಮ್ರಪಟದ ಮೇಲೆ ಮುದ್ರೆ ಒತ್ತಿದಳು. "ಇನ್ನೇನು ಬೇಕು, ಕೇಳು."

"ಆ ಇಬ್ಬರನ್ನು ಬಿಡಿ, ತಾಯಿ. ಘಾಟಿಯಲ್ಲಿ ಕತ್ತಲಿಗೆ ಉರುಳುವ ಗಾಡಿಗಳು ಎಷ್ಟೋ, ನನ್ನೊಬ್ಬನ ಕೈ ಸಾಲದು. ಅವರೂ ದೀಪ ಮಾಡಲಿ, ನನ್ನ ಅಪ್ಪಣೆ ಇದೆ. ಆದರೆ ಪ್ರತಿ ದೀಪದ ಮೇಲೂ 'ಕಂಡುಹಿಡಿದವನು ಮಾಳಪ್ಪ' ಅಂತ ತಮ್ಮ ಕೈಯಾರೆ ಕೆತ್ತಬೇಕು."

ರಾಣಿ ಒಪ್ಪಿ ಇಬ್ಬರ ಕೋಳ ಬಿಚ್ಚಿಸಿದಳು. ಇಪ್ಪತ್ತು ವರ್ಷ ಭುಜಂಗರಾಯ ಕೆತ್ತಿದ. ಮೊದಮೊದಲು ಹಲ್ಲು ಕಚ್ಚಿಕೊಂಡು ಕೆತ್ತುತ್ತಿದ್ದನಂತೆ. ಬರಬರುತ್ತಾ ಅಕ್ಷರ ದುಂಡಗಾಯಿತು.