ಹೊಲಿದಿಟ್ಟ ಅಧ್ಯಾಯ

“ಗುರುಗಳೇ, ಪ್ರೀತಿಸಿದವರನ್ನು ಆಪತ್ತಿಗೆ ಬಿಡದೆ ಹಿಡಿದಿಟ್ಟುಕೊಳ್ಳುವುದು ತಪ್ಪೇ?” ಎಂದು ಶಿಷ್ಯ ಕೇಳಿದ.

ಬೆಟ್ಟದಾಚೆಯ ಊರಿನಲ್ಲಿ ಜ್ವರ ಹಬ್ಬಿತ್ತು. ಮದ್ದು ಬಲ್ಲ ಗುರುಗಳು ಬರಬೇಕೆಂದು ಮುಂಜಾನೆಯೇ ಕರೆ ಬಂದಿತ್ತು. ಗುರುಗಳಿಗೆ ಎಪ್ಪತ್ತು ದಾಟಿತ್ತು. ಮದ್ದಿನ ಚೀಲ ಕಟ್ಟಿಕೊಂಡು ಎದ್ದರೆ ಮೂಲೆಯಲ್ಲಿದ್ದ ಊರುಗೋಲು ಕಾಣಲಿಲ್ಲ. ಕೋಲಿಲ್ಲದೆ ಅವರು ಬೆಟ್ಟ ಹತ್ತಲಾರರು. ಹುಡುಕಿ, ಸಿಗದೆ, ಮತ್ತೆ ಜಗಲಿಯ ಮೇಲೆ ಕುಳಿತಿದ್ದರು.

ಅವರು ಶಿಷ್ಯನ ಮುಖವನ್ನು ಒಮ್ಮೆ ನೋಡಿ ಕತೆ ಹೇಳಿದರು.

ಒಂದು ನೇಕಾರರ ಕೇರಿ. ಅಲ್ಲಿ ಅಕ್ಷರ ಬಲ್ಲ ನೇಕಾರ ಒಬ್ಬನೇ. ವರ್ಷಕ್ಕೊಮ್ಮೆ ಒಂಬತ್ತು ದಿನ, ಮಧ್ಯಾಹ್ನ ಮಗ್ಗಗಳನ್ನು ನಿಲ್ಲಿಸಿ, ಕೇರಿಯೆಲ್ಲ ಅವನ ಜಗಲಿಗೆ ಬಂದು ಸೇರುತ್ತಿತ್ತು. ಅವನು ದಿನಕ್ಕೊಂದು ಅಧ್ಯಾಯದಂತೆ ತೊರೆಮಲ್ಲನ ಕತೆ ಓದುತ್ತಿದ್ದ. ತೊರೆಮಲ್ಲ ದೋಣಿ ನಡೆಸುವ ವೀರ. ಶತ್ರುಗಳು ಊರಿಗೆ ಬೆಂಕಿಯಿಟ್ಟಾಗ, ತುಂಬಿದ ಹೊಳೆಯಲ್ಲಿ ಊರಿನ ಜನರನ್ನು ತಂಡ ತಂಡವಾಗಿ ಆಚೆ ದಡಕ್ಕೆ ದಾಟಿಸುತ್ತಾನೆ. ಒಂಬತ್ತನೆಯ ಅಧ್ಯಾಯದಲ್ಲಿ ಕೊನೆಯ ತಂಡವನ್ನೂ ದಾಟಿಸುತ್ತಾನೆ. ಆಮೇಲೆ ಹೊಳೆ ಅವನನ್ನು ಒಯ್ಯುತ್ತದೆ.

ಕೇರಿಗೆ ತೊರೆಮಲ್ಲನೆಂದರೆ ಮನೆಮಗ. ಹುಟ್ಟಿದ ಮಕ್ಕಳಿಗೆ ಅವನ ಹೆಸರಿಡುತ್ತಿದ್ದರು. ಒಂದು ವರ್ಷ ಕೊನೆಯ ಅಧ್ಯಾಯ ಕೇಳಿ ಹೋದವರು ಮೂರು ದಿನ ಒಲೆ ಹಚ್ಚಲಿಲ್ಲ, ಮಗ್ಗದ ಲಾಳಿ ಮುಟ್ಟಲಿಲ್ಲ. ನಾಲ್ಕನೆಯ ದಿನ ಹಿರಿಯರು ಬಂದು, “ಇನ್ನು ಮೇಲೆ ಅದನ್ನು ಓದಬೇಡ. ನಮ್ಮ ಹುಡುಗ ನಮಗೆ ಬದುಕಿರಲಿ” ಎಂದರು. ಓದುವವನಿಗೂ ಅದೇ ಬೇಕಿತ್ತು. ಆ ಅಧ್ಯಾಯದ ಹಾಳೆಗಳನ್ನು ಒತ್ತಾಗಿ ಹಿಡಿದು, ಯಾವುದೋ ಸೆರಗಿಗೆ ತಂದು ಮಿಕ್ಕಿದ್ದ ಕೆಂಪು ರೇಷ್ಮೆ ಎಳೆಯಿಂದ ತಾನೇ ಹೊಲಿದುಬಿಟ್ಟ.

ಅಂದಿನಿಂದ ಓದು ಎಂಟು ದಿನಕ್ಕಿಳಿಯಿತು. ಕೊನೆಯ ತಂಡವನ್ನು ಕರೆತರಲು ತೊರೆಮಲ್ಲ ದೋಣಿ ತಿರುಗಿಸಿ, ನಡುಹೊಳೆಯಲ್ಲಿ ಹುಟ್ಟು ಎತ್ತಿದಲ್ಲಿಗೆ ಮುಗಿಯುತ್ತಿತ್ತು. ಮಂಗಳ ಹಾಡಿ, ಬೆಲ್ಲ ಹಂಚಿಕೊಂಡು, ಎಲ್ಲರೂ ನಗುತ್ತ ಮನೆಗೆ ಹೋಗುತ್ತಿದ್ದರು. ಹೀಗೆ ಹನ್ನೆರಡು ವರ್ಷ ಕಳೆಯಿತು.

ಹದಿಮೂರನೆಯ ವರ್ಷ ಓದುವವನು ಪುಸ್ತಕ ಮಡಚಿದಾಗ ಜಗಲಿಯ ಕೆಳಗೆ ಒಬ್ಬ ನಿಂತಿದ್ದ. ಮೈಯೆಲ್ಲ ನೀರು. ಕೈಯಲ್ಲಿ ಹುಟ್ಟು.

“ನಾನು ತೊರೆಮಲ್ಲ” ಎಂದ.

ಯಾರೂ ನಂಬಲಿಲ್ಲ.

“ಬಾಗಿಲಗಲದ ಎದೆ ಅಂತ ಬರೆದಿದೆಯಲ್ಲ!” ಎಂದ ಒಬ್ಬ.

“ಯಾವ ಬಾಗಿಲು? ನಿನ್ನ ಕೋಳಿಗೂಡಿನದಾ?” ಎಂದ ಇನ್ನೊಬ್ಬ.

ನೂಲು ಸುತ್ತುವ ಮುದುಕಿಯೊಬ್ಬಳು ನೆಟ್ಟಗೆ ಅವನ ಹತ್ತಿರ ಹೋಗಿ ಬಲಗೈ ಹಿಡಿದು ತಿರುಗಿಸಿ ನೋಡಿದಳು. ಮೂರನೆಯ ಅಧ್ಯಾಯದಲ್ಲಿ, ನಂಬಿ ಕೈಗೆ ಕೊಟ್ಟ ದೋಣಿಯ ಹಗ್ಗವನ್ನು ಸೋದರಮಾವ ಸರ್ರನೆ ಎಳೆದುಕೊಂಡು ಓಡಿದಾಗ ಆದ ಗಾಯ ಅಂಗೈಯಲ್ಲಿತ್ತು. ಮುದುಕಿ ಅವನ ಭುಜಕ್ಕೆ ಒಂದು ಕೊಟ್ಟಳು.

“ಎಂಥ ಮಂಕೋ ನೀನು! ಆ ಮಾವನನ್ನ ಯಾಕೆ ನಂಬಿದೆ? ಅವನು ಕಳ್ಳ, ಹಗ್ಗ ಕೊಡಬೇಡ ಅಂತ ವರ್ಷಾ ವರ್ಷಾ ಇಲ್ಲಿಂದ ಕೂಗ್ತೀನಿ. ನಿನಗೆ ಕೇಳೋದೇ ಇಲ್ಲ!”

“ಕೇಳುತ್ತದೆ ಅಜ್ಜಿ” ಎಂದ ತೊರೆಮಲ್ಲ. “ಅಷ್ಟರಲ್ಲಿ ಕೊಟ್ಟುಬಿಟ್ಟಿರುತ್ತೇನೆ.”

ಆಮೇಲೆ ಕೇರಿ ಅವನನ್ನು ಬಿಡಲಿಲ್ಲ. ರೊಟ್ಟಿ ಬಂತು, ಮಜ್ಜಿಗೆ ಬಂತು. ಮುದುಕಿ ಅಂದೇ ಮಗ್ಗದಿಂದ ಇಳಿಸಿದ ಧೋತರ ತಂದು ಹೊದಿಸಿದಳು. ಅವನ ಹೆಸರಿನ ಏಳು ಜನ ಸಾಲಾಗಿ ಬಂದು ಕಾಲು ಮುಟ್ಟಿದರು. “ಇಲ್ಲೇ ಇದ್ದುಬಿಡು. ಕೇರಿಯ ಕೊನೆಯ ಮನೆ ಖಾಲಿ ಇದೆ. ಮಗ್ಗ ಹೂಡಿಕೊಡುತ್ತೇವೆ” ಎಂದರು ಹಿರಿಯರು.

ತೊರೆಮಲ್ಲ ಓದುವವನ ಕಡೆ ತಿರುಗಿದ.

“ದಡದಲ್ಲಿ ಇನ್ನೂ ಹನ್ನೊಂದು ಜನ ನಿಂತಿದ್ದಾರೆ. ಒಬ್ಬಳ ತೋಳಲ್ಲಿ ಹಸುಗೂಸು. ಬೆನ್ನ ಹಿಂದೆ ಬೆಂಕಿ. ಹನ್ನೆರಡು ವರ್ಷದಿಂದ ಹುಟ್ಟು ಎತ್ತುತ್ತೇನೆ, ನೀರಿಗೆ ಇಳಿಸಲು ಆಗುತ್ತಿಲ್ಲ. ಯಾಕಣ್ಣ?”

ಓದುವವನು ಪುಸ್ತಕವನ್ನು ಎದೆಗವಚಿಕೊಂಡ. ಹನ್ನೆರಡು ವರ್ಷ ಅವನು ತೊರೆಮಲ್ಲನೊಬ್ಬನನ್ನೇ ನೆನೆದಿದ್ದ. ಆ ಹನ್ನೊಂದು ಜನ ಒಮ್ಮೆಯೂ ನೆನಪಿಗೆ ಬಂದಿರಲಿಲ್ಲ.

“ನಾನೇ ಹೊಲಿದೆ” ಎಂದ. “ಮುಂದಿರುವುದು ನಿನಗೆ ಒಳ್ಳೆಯದಲ್ಲ.”

“ಆ ಹನ್ನೊಂದು ಜನ ದಡ ಮುಟ್ಟುತ್ತಾರೆಯೇ?”

“ಮುಟ್ಟುತ್ತಾರೆ.”

ಅವನ ಮುಂದಿನ ಪ್ರಶ್ನೆಗೆ ಕೇರಿ ಕಾದು ನಿಂತಿತು. ಅವನು ಅದನ್ನು ಕೇಳಲಿಲ್ಲ.

“ಹಾಗಾದರೆ ಬಿಚ್ಚು” ಎಂದ.

“ನನ್ನಿಂದ ಆಗದಪ್ಪ. ನಿನ್ನ ಮೇಲೆ ನಮಗೆ ಅಷ್ಟು ಪ್ರೀತಿ.”

“ನೀವು ನೇಕಾರರು. ಸೀರೆಯ ಒಡಲು ಚೆಂದ ಬಂದಿದೆ ಅಂತ ಸೆರಗು ನೇಯದೆ ಮಗ್ಗದಿಂದ ಇಳಿಸುತ್ತೀರಾ?”

ಓದುವವನು ಪುಸ್ತಕ ಬಿಡಿಸಿದ. ತಾನೇ ಹಾಕಿದ ಗಂಟು, ಗಟ್ಟಿಯಾಗಿತ್ತು. ಬೆರಳಿಗೆ ಬಿಚ್ಚಿಕೊಳ್ಳಲಿಲ್ಲ. ಕೊನೆಗೆ, ಮಗ್ಗದ ಮುಂದೆ ಕುಳಿತವರು ಎಳೆ ಕಡಿಯುವಂತೆ, ಹಲ್ಲಿನಿಂದ ಕಡಿದ.

ಓದತೊಡಗಿದ. ತಲೆ ಎತ್ತಲಿಲ್ಲ. ಎತ್ತಿ ತೊರೆಮಲ್ಲನ ಮುಖ ನೋಡಿದರೆ ನಿಲ್ಲಿಸಿಬಿಡುತ್ತೇನೆಂದು ಅವನಿಗೆ ಗೊತ್ತಿತ್ತು. ಹುಟ್ಟು ನೀರಿಗೆ ಇಳಿಯಿತು. ದೋಣಿ ದಡಕ್ಕೆ ಬಂತು. ಕಾದವರು ಹತ್ತಿದರು. ಆಚೆ ದಡದಲ್ಲಿ ಒಬ್ಬೊಬ್ಬರಾಗಿ ಇಳಿದರು. ಮುದುಕಿ ಬೆರಳು ಮಡಚಿ ಎಣಿಸುತ್ತಿದ್ದಳು.

“ಹನ್ನೊಂದು” ಎಂದಳು. “ಕೂಸೂ ಸೇರಿ ಹನ್ನೆರಡು.”

ಆಮೇಲಿನ ಸಾಲುಗಳನ್ನೂ ಅವನು ಬಿಡದೆ ಓದಿದ.

ಓದು ಮುಗಿದಾಗ ಜಗಲಿಯ ಕೆಳಗೆ ಒದ್ದೆ ನೆಲವಷ್ಟೇ ಇತ್ತು. ಧೋತರ ಇರಲಿಲ್ಲ, ತೊರೆಮಲ್ಲ ಹೊದ್ದುಕೊಂಡೇ ಹೋಗಿದ್ದ. ಆ ದಿನವೂ ಕೇರಿ ಅತ್ತಿತು. ಆದರೆ, “ಹೊಳೆ ದಾಟಿ ಬಂದವರು ಹಸಿದಿರುತ್ತಾರೆ” ಎಂದು ಮುದುಕಿ ಕಣ್ಣೊರೆಸಿಕೊಂಡು ಹೋಗಿ ಒಲೆ ಹಚ್ಚಿದಳು. ಅವಳನ್ನು ನೋಡಿ ಉಳಿದವರೂ ಹಚ್ಚಿದರು.

ಗುರುಗಳು ಕತೆ ನಿಲ್ಲಿಸಿದರು.

“ಅವನು ಕೇರಿಯಲ್ಲೇ ಉಳಿದಿದ್ದರೆ ಬದುಕಿರುತ್ತಿದ್ದನಲ್ಲವೇ?” ಎಂದ ಶಿಷ್ಯ. ಅವನ ದನಿ ಸಣ್ಣದಾಗಿತ್ತು.

ಗುರುಗಳು ಮದ್ದಿನ ಚೀಲವನ್ನು ಹೆಗಲಿಗೇರಿಸಿಕೊಂಡು ಅವನ ತಲೆ ನೇವರಿಸಿದರು.

“ಬಚ್ಚಿಟ್ಟ ಕೋಲು ತಂದುಕೊಡು ಮಗೂ, ದಡದಲ್ಲಿ ಜನ ನಿಂತಿದ್ದಾರೆ.”